ನಮ್ಮ ಬಾವಿಗೆ ಬಿದ್ದ ಚಿರತೆ, ಮತ್ತು ಝೂ ಬೇಕೋ ಬೇಡವೋ ಅನ್ನುವ ಜಗಳ

ಪರ್ಕಳದವಳು:

ಹೋದ ತಿಂಗಳು ನಮ್ಮ ಬಾವಿಗೆ ಚಿರತೆ ಬಿತ್ತು. ಉಡುಪಿ ಕಡೆಯವರಿಗೆ ಇದು ಹೊಸ ಸುದ್ದಿ ಅಲ್ಲ, ಪೇಪರಿನಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಆದರೆ ನಮ್ಮದೇ ಬಾವಿ ಅಂದಾಗ ಕಥೆ ಬೇರೆ. ಬೆಳಿಗ್ಗೆ ಪಂಪ್ ಹಾಕಲು ಹೋದ ಮಾವ ಓಡಿ ಬಂದು "ಬಾವಿಯಲ್ಲಿ ಎಂತದೋ ಉಂಟು, ಉಸಿರು ಕೇಳ್ತದೆ" ಅಂದರು. ಬಗ್ಗಿ ನೋಡಿದರೆ ಚಿರತೆ ಪಂಪಿನ ಪೈಪನ್ನು ಎರಡೂ ಮುಂಗಾಲಿನಲ್ಲಿ ತಬ್ಬಿ ಹಿಡಿದಿತ್ತು. ಸೊಂಟದಿಂದ ಕೆಳಗೆ ಪೂರ್ತಿ ನೀರಿನಲ್ಲಿ. ಕಿವಿ ಎರಡೂ ಹಿಂದಕ್ಕೆ ಅಂಟಿಕೊಂಡಿದ್ದವು. ಬಾವಿಯ ಕೆಂಪುಕಲ್ಲಿನ ಮೇಲೆ ಅದರ ಉಗುರಿನ ಗೀರು ಈಗಲೂ ಹಾಗೇ ಉಂಟು.

ಅರಣ್ಯ ಇಲಾಖೆಯವರು ಬಂದರು, ಬೋನಿಗೆ ಹಗ್ಗ ಕಟ್ಟಿ ಇಳಿಸಿದರು. ಊರಿಗೆ ಊರೇ ಸೇರಿತ್ತು, ಅವರನ್ನು ಹಿಂದೆ ಸರಿಸುವುದೇ ದೊಡ್ಡ ಕೆಲಸ. ಚಿರತೆ ಬೋನಿನೊಳಗೆ ಹೋಗಲು ಒಂದೂವರೆ ಗಂಟೆ ಬೇಕಾಯಿತು.

ನನ್ನ ಮಗನಿಗೆ ಏಳು ವರ್ಷ. ಅವನು ಕೇಳಿದ್ದು ಒಂದೇ ಪ್ರಶ್ನೆ. "ಇದನ್ನು ಪಿಲಿಕುಳಕ್ಕೆ ಕೊಂಡು ಹೋಗ್ತಾರಾ?" ಪಿಲಿಕುಳ ಅಂದರೆ ಮಂಗಳೂರಿನ ಝೂ. ಇಲಾಖೆಯವರು "ಇಲ್ಲ ಮಗಾ, ಗಾಯ ಇಲ್ಲದಿದ್ರೆ ಕಾಡಿಗೇ ಬಿಡುವುದು" ಅಂದರು. ಇವನಿಗೆ ತುಂಬಾ ಬೇಜಾರು. ಝೂಗೆ ಹೋದರೆ ನಮ್ಮ ಚಿರತೆಯನ್ನು ಪ್ರತಿ ಭಾನುವಾರ ನೋಡಬಹುದಿತ್ತಂತೆ!

ಅವತ್ತಿನಿಂದ ಮನೆಯಲ್ಲಿ ಚರ್ಚೆ. ಗಂಡ ಹೇಳುವುದು, ಝೂ ಅಂದರೆ ಜೈಲು, ಮಕ್ಕಳಿಗೆ ತೋರಿಸಲೇಬಾರದು. ನನಗೆ ಹಾಗೆ ಅನ್ನಿಸುವುದಿಲ್ಲ, ಆದರೆ ಎದುರು ಮಾತಾಡಲು ಪಾಯಿಂಟೂ ಇಲ್ಲ. ನಿಜವಾಗಿ ಝೂ ಇರುವುದು ಎಂತಕ್ಕೆ? ರಜೆಯಲ್ಲಿ ಕರೆದುಕೊಂಡು ಹೋಗಲಾ ಬೇಡವಾ? ತಿಳಿದವರು ಹೇಳಿ.

ಕುಡ್ಲದ ಪಿಲಿ:

ಅಕ್ಕ, ಇಷ್ಟಕ್ಕೆಲ್ಲ ಚರ್ಚೆ ಎಂತಕ್ಕೆ, ಸುಮ್ನೆ ಕರ್ಕೊಂಡು ಬನ್ನಿ. ವಾಮಂಜೂರು ದಾಟಿದ ಮೇಲೆ ಮೂಡುಶೆಡ್ಡೆ ಹತ್ತಿರ. ಒಂದೇ ಮಾತು, ಬೆಳಿಗ್ಗೆ ಬೇಗ ಬನ್ನಿ. ಹನ್ನೊಂದರ ಮೇಲೆ ನಮ್ಮ ಊರಿನ ಸೆಖೆಗೆ ನಾವೇ ನೆರಳು ಹುಡುಕ್ತೇವೆ, ಹುಲಿ ಮಾತ್ರ ಬಿಸಿಲಲ್ಲಿ ನಿಂತು ಪೋಸ್ ಕೊಡಬೇಕಾ?

ಚಿಕ್ಕವನಿದ್ದಾಗ ನಮಗೆ ಝೂ ಅಂದರೆ ಕದ್ರಿ ಪಾರ್ಕ್. ಪುಟಾಣಿ ರೈಲು, ಬೇಲಿಯೊಳಗೆ ಜಿಂಕೆಗಳು, ಹೊರಗೆ ಕಡ್ಲೆ ಮಾರುವವರು. ಆ ಕಡ್ಲೆ ಅರ್ಧ ನಮ್ಮ ಹೊಟ್ಟೆಗೆ, ಅರ್ಧ ಜಿಂಕೆಗೆ. ತಪ್ಪು ಅಂತ ಹೇಳುವವರೇ ಇರಲಿಲ್ಲ. ಈಗ ಮಗಳ ಜೊತೆ ಪಿಲಿಕುಳಕ್ಕೆ ಹೋದರೆ ಅವಳೇ ನನ್ನ ಕೈ ಹಿಡಿಯುತ್ತಾಳೆ. "ಪಪ್ಪಾ, ಎಂತದೂ ಹಾಕಬಾರದು, ಬೋರ್ಡ್ ಓದಲಿಲ್ವಾ?"

ಹಸಿರು ಕಣ್ಣು:

ನಾನು ನಿಮ್ಮ ಯಜಮಾನರ ಕಡೆ. ಕೆಲವು ವರ್ಷ ಹಿಂದೆ ಘಟ್ಟದ ಮೇಲೆ ಒಂದು ಕಡೆ ಉಳಿದುಕೊಂಡಿದ್ದೆವು, ಹೆಸರು ಬೇಡ. ಹಿತ್ತಿಲಲ್ಲಿ "ಮಿನಿ ಝೂ" ಅಂತ ಬೋರ್ಡು. ಒಂದು ಮಂಗ, ಎರಡು ನವಿಲು, ಒಂದಿಷ್ಟು ಗಿಳಿಗಳು. ಮಂಗನ ಗೂಡು ನಮ್ಮ ಮನೆಯ ಫ್ರಿಜ್‌ಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಅದು ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಗಿ, ತಲೆ ಒಮ್ಮೆ ಎಡಕ್ಕೆ ಆಡಿಸಿ, ವಾಪಸ್ ಬರುತ್ತಿತ್ತು. ಪುನಃ ಹೋಗುತ್ತಿತ್ತು, ಪುನಃ ತಲೆ ಆಡಿಸುತ್ತಿತ್ತು. ನಾನು ಇಪ್ಪತ್ತು ನಿಮಿಷ ನಿಂತು ನೋಡಿದೆ, ಒಂದು ಸಲವೂ ತಪ್ಪಲಿಲ್ಲ. ಮಕ್ಕಳು ಅದು ಕುಣಿಯುತ್ತಿದೆ ಅಂತ ಚಪ್ಪಾಳೆ ಹೊಡೆದರು. ಆ ದಿನವೇ ನಾನು ಝೂಗೆ ಹೋಗುವುದು ಬಿಟ್ಟೆ.

ದೊಡ್ಡ ಝೂಗಳಲ್ಲೂ ಹುಲಿ ಒಂದೇ ದಾರಿಯಲ್ಲಿ ಶತಪಥ ಹಾಕುವುದನ್ನು ನೋಡಿಲ್ವಾ? ಹುಲ್ಲು ಸವೆದು ಕಾಲುದಾರಿ ಆಗಿರುತ್ತದೆ. ಸಂರಕ್ಷಣೆ ಅಂತ ಹೇಳುವುದೆಲ್ಲ ಟಿಕೆಟ್ ಮಾರಲಿಕ್ಕೆ.

ದನದ ಡಾಕ್ಟ್ರು:

ಹಸಿರು ಕಣ್ಣು, ನೀವು ಆ ಮಂಗನ ಬಗ್ಗೆ ದೂರು ಕೊಡಬೇಕಿತ್ತು. ಈ ದೇಶದಲ್ಲಿ ಅಂಥದ್ದಕ್ಕೆ ಝೂ ಅಂತ ಬೋರ್ಡು ಹಾಕುವ ಹಕ್ಕೇ ಇಲ್ಲ. 1972ರ ವನ್ಯಜೀವಿ ಕಾಯ್ದೆಗೆ 1991ರಲ್ಲಿ ಝೂಗಳದ್ದೇ ಒಂದು ಅಧ್ಯಾಯ ಸೇರಿತು. 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಬಂತು. ಅದರ ಮಾನ್ಯತೆ ಇಲ್ಲದೆ ಝೂ ನಡೆಸುವಂತಿಲ್ಲ. ಪ್ರಾಣಿಗಳನ್ನು ಕೆಣಕುವುದು, ತಿಂಡಿ ಹಾಕುವುದು ಕೂಡ ಅದೇ ಕಾಯ್ದೆಯ 38ಜೆ ಕಲಮಿನಲ್ಲಿ ಅಪರಾಧ. ಕುಡ್ಲದ ಪಿಲಿಯವರ ಕಡ್ಲೆಯನ್ನು ನಾವು ಮಾಫಿ ಮಾಡಿದ್ದೇವೆ ಅಂತ ಇಟ್ಟುಕೊಳ್ಳೋಣ.

ಆದರೆ ನೀವು ನೋಡಿದ್ದು ಸರಿಯೇ. ಒಂದೇ ಚಲನೆ ಮತ್ತೆ ಮತ್ತೆ ಮಾಡುವುದು ಬೇಸರದ, ಒತ್ತಡದ ಗುರುತು. ಅದಕ್ಕೇ ಈಗ ಒಳ್ಳೆಯ ಝೂಗಳಲ್ಲಿ ಪ್ರಾಣಿಗೆ ಕೆಲಸ ಕೊಡುತ್ತಾರೆ. ಕರಡಿಗೆ ಜೇನನ್ನು ಮರದ ದಿಮ್ಮಿಯ ತೂತಿನಲ್ಲಿ ಹಚ್ಚಿಡುವುದು, ಮಾಂಸವನ್ನು ಎತ್ತರದಲ್ಲಿ ಕಟ್ಟುವುದು, ಬೇರೆ ಪ್ರಾಣಿಯ ವಾಸನೆ ಇರುವ ಗೋಣಿಚೀಲ ಎಸೆಯುವುದು. ನೋಡುವವರಿಗೆ ಇದು ಆಟ. ಪ್ರಾಣಿಗೆ ಅದೇ ದಿನದ ದುಡಿಮೆ.

ನಿವೃತ್ತ ಮೇಷ್ಟ್ರು:

ಪ್ರಾಣಿಶಾಸ್ತ್ರ ಪಾಠ ಮಾಡಿಯೇ ಕೂದಲು ಹಣ್ಣಾದವನು ನಾನು, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ. ಬೇಜಾರಾದರೆ ದಾಟಿಕೊಂಡು ಹೋಗಿ.

ನಮ್ಮ ಭಾಷೆಯಲ್ಲಿ ಝೂಗೆ ಮೂರು ಹೆಸರಿದೆ. ಪ್ರಾಣಿ ಸಂಗ್ರಹಾಲಯ, ಮೃಗಾಲಯ, ಜೈವಿಕ ಉದ್ಯಾನ. ಒಂದೊಂದನ್ನೂ ಬಿಡಿಸಿ ನೋಡಿ. ಮೊದಲನೆಯದು ಹಳೆಯ ನಾಣ್ಯ ಸಂಗ್ರಹ ಮಾಡಿದ ಹಾಗೆ. ಎರಡನೆಯದರಲ್ಲಿ ಪ್ರಾಣಿಗೆ ಒಂದು ಮನೆ ಸಿಕ್ಕಿತು. ಮೂರನೆಯದರಲ್ಲಿ ಗಿಡ, ಮರ, ಕೆರೆ ಎಲ್ಲ ಸೇರಿತು. ಝೂಗಳ ಚರಿತ್ರೆ ನಡೆದದ್ದೂ ಹೆಚ್ಚುಕಮ್ಮಿ ಇದೇ ದಾರಿಯಲ್ಲಿ.

ಮೊದಲು ಅದು ಶುದ್ಧ ದರ್ಬಾರು. ಈಜಿಪ್ಟಿನ ಹೈರಕಾನ್‌ಪೊಲಿಸ್‌ನಲ್ಲಿ ಸುಮಾರು 5500 ವರ್ಷ ಹಿಂದಿನ ಗೋರಿಗಳ ಜೊತೆ ಆನೆ, ನೀರಾನೆ, ಬಬೂನ್‌ಗಳ ಎಲುಬು ಸಿಕ್ಕಿವೆ. ಕೆಲವು ಎಲುಬು ಮುರಿದು ಮತ್ತೆ ಕೂಡಿಕೊಂಡಿದ್ದವು. ಕಾಡಿನಲ್ಲಿ ಕಾಲು ಮುರಿದ ಪ್ರಾಣಿ ಬದುಕುವುದು ಕಷ್ಟ. ಅಂದರೆ ಯಾರೋ ಕಟ್ಟಿಹಾಕಿ, ಮೇವು ಹಾಕಿ ಸಾಕಿದ್ದರು. ನಮ್ಮ ಅರ್ಥಶಾಸ್ತ್ರದಲ್ಲೂ ರಾಜನ ವಿಹಾರಕ್ಕೆ ಒಂದು ಮೃಗವನ ಬರುತ್ತದೆ. ಅಲ್ಲಿ ಬಿಡುವ ಕ್ರೂರ ಮೃಗಗಳ ಉಗುರು, ಹಲ್ಲು ಮುರಿದಿರಬೇಕಂತೆ. ಆದರೆ ಅದರ ಬೆನ್ನಿಗೇ ಇನ್ನೊಂದು ಮೃಗವನದ ಮಾತು ಬರುತ್ತದೆ, ನಾಡಿನ ಅಂಚಿನಲ್ಲಿ, ಎಲ್ಲ ಮೃಗಗಳೂ ಅತಿಥಿಗಳಾಗಿರುವ ವನ. ಹಲ್ಲು ಕಿತ್ತ ಹುಲಿ ಒಂದು ಕಡೆ, ಅತಿಥಿ ಹುಲಿ ಇನ್ನೊಂದು ಕಡೆ. ನಿಮ್ಮ ಮನೆಯ ಜಗಳ ಎಷ್ಟು ಹಳೆಯದು ನೋಡಿ ತಾಯಿ!

ಲಂಡನ್ ಟವರಿನಲ್ಲಿ ರಾಜನಿಗೆ ಕಾಣಿಕೆ ಬಂದ ಪ್ರಾಣಿಗಳಿದ್ದವು. 1252ರಲ್ಲಿ ಬಂದ ಒಂದು ಹಿಮಕರಡಿಗೆ ಉದ್ದನೆಯ ಹಗ್ಗ ಕಟ್ಟಿ ಥೇಮ್ಸ್ ನದಿಯಲ್ಲಿ ಮೀನು ಹಿಡಿಯಲು ಬಿಡುತ್ತಿದ್ದರು. ಮೊಘಲರ ಕಾಲದ ಕಥೆ ಇನ್ನೂ ಸ್ವಾರಸ್ಯ. ಅಕ್ಬರನ ಬಳಿ ಬೇಟೆಗೆ ಪಳಗಿಸಿದ ಚೀತಾಗಳು ಸಾವಿರಗಟ್ಟಲೆ ಇದ್ದವಂತೆ. ಅಷ್ಟಿದ್ದೂ ಮರಿ ಹಾಕಿದ್ದು ಒಂದೇ ಸಲ, ಅದೂ ಜಹಾಂಗೀರನ ಕಾಲದಲ್ಲಿ. ಅವನು ಅದನ್ನು ಅಚ್ಚರಿ ಅಂತ ಬರೆದಿಟ್ಟಿದ್ದಾನೆ. ಆಮೇಲೆ ಬಂಧನದಲ್ಲಿ ಚೀತಾ ಮರಿ ಹಾಕಿದ ದಾಖಲೆ ಸಿಗುವುದು 1956ರಲ್ಲಿ, ಅಮೆರಿಕದ ಫಿಲಡೆಲ್ಫಿಯಾ ಝೂನಲ್ಲಿ. ಕಾಡಿನಿಂದ ಹಿಡಿಯುತ್ತಾ ಹೋದರು, ಹುಟ್ಟಿಸಲು ಬರಲಿಲ್ಲ. ಕೊನೆಗೆ ನಮ್ಮಲ್ಲಿ ಚೀತಾವೇ ಇಲ್ಲವಾಯಿತು.

ಈಗಲೂ ನಡೆಯುತ್ತಿರುವ ಝೂಗಳಲ್ಲಿ ಎಲ್ಲಕ್ಕಿಂತ ಹಳೆಯದು ವಿಯೆನ್ನಾದ ಶೋನ್‌ಬ್ರುನ್, 1752ರದ್ದು. ಅದೂ ಅರಮನೆಯದ್ದೇ. ವಿಜ್ಞಾನದ ಹೆಸರಿನಲ್ಲಿ ಶುರುವಾದದ್ದು 1828ರ ಲಂಡನ್ ಝೂ. ಮೊದಲು ಅದನ್ನು ನಡೆಸುವ ಪ್ರಾಣಿಶಾಸ್ತ್ರ ಸಂಘದ ಸದಸ್ಯರಿಗೆ ಮಾತ್ರ ಪ್ರವೇಶ. 1847ರಲ್ಲಿ ಜನಸಾಮಾನ್ಯರಿಗೆ ಬಾಗಿಲು ತೆರೆಯಿತು. ದುಡ್ಡು ಸಾಲದೆ ತೆರೆದದ್ದು ಅನ್ನುವುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹಸಿರು ಕಣ್ಣಿನವರು ಹೇಳುತ್ತಾರೆ. ಝೂ ಅನ್ನುವ ಪುಟ್ಟ ಹೆಸರು ಜನಪ್ರಿಯವಾದದ್ದೂ ಆ ಕಾಲದಲ್ಲೇ, ಝೂಲಾಜಿಕಲ್ ಗಾರ್ಡನ್ಸ್ ಅನ್ನಲು ನಾಲಗೆ ಸೋತವರಿಂದ.

ಕಬ್ಬಿಣದ ಸರಳು ಹೋದದ್ದು 1907ರಲ್ಲಿ. ಜರ್ಮನಿಯ ಹ್ಯಾಂಬರ್ಗ್ ಹತ್ತಿರ ಕಾರ್ಲ್ ಹಾಗೆನ್‌ಬೆಕ್ ಅನ್ನುವ ಪ್ರಾಣಿ ವ್ಯಾಪಾರಿ, ಯಾವ ಪ್ರಾಣಿ ಎಷ್ಟು ದೂರ ಹಾರುತ್ತದೆ ಅಂತ ಲೆಕ್ಕ ಹಾಕಿ ಅದಕ್ಕೆ ತಕ್ಕ ಕಂದಕ ತೋಡಿಸಿದ. ಎದುರಿಗೆ ನಿಂತರೆ ಸಿಂಹ ಬಯಲಲ್ಲೇ ಇದ್ದ ಹಾಗೆ ಕಾಣುತ್ತದೆ. ಇವತ್ತು ನೀವು ಎಲ್ಲ ಕಡೆ ನೋಡುವ ಕಂದಕದ ಆವರಣಕ್ಕೆ ಮೂಲ ಅದು. ಅವನು ಪುಣ್ಯಾತ್ಮ ಏನಲ್ಲ. ದೂರದ ದೇಶಗಳ ಜನರನ್ನೂ ತಂದು ಪ್ರದರ್ಶನಕ್ಕೆ ಇಟ್ಟವನು. ನ್ಯೂಯಾರ್ಕಿನ ಬ್ರಾಂಕ್ಸ್ ಝೂನಲ್ಲಿ 1906ರಲ್ಲಿ ಕಾಂಗೋದ ಓಟ ಬೆಂಗಾ ಅನ್ನುವ ಯುವಕನನ್ನು ಮಂಗಗಳ ಮನೆಯಲ್ಲಿ ನಿಲ್ಲಿಸಿದ್ದರು. ಝೂ ಚರಿತ್ರೆ ಹೇಳುವಾಗ ಇದನ್ನು ಬಿಟ್ಟು ಹೇಳಬಾರದು.

ಮೈಸೂರ್ ಪಾಕ್:

ಮೇಷ್ಟ್ರೇ, ಮೈಸೂರು ಬಿಟ್ಟುಬಿಟ್ಟಿರಲ್ಲ! ಮದುವೆಯಾಗಿ ಸುರತ್ಕಲ್‌ಗೆ ಬಂದು ಹದಿನಾಲ್ಕು ವರ್ಷ ಆಯ್ತು, ಆದರೂ ಇದನ್ನು ಬಿಟ್ಟುಕೊಡಲ್ಲ. 1892ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರ್ ಕಟ್ಟಿಸಿದ್ದು. ಹತ್ತು ಹನ್ನೊಂದು ಎಕರೆಯಲ್ಲಿ ಅರಮನೆ ಝೂ ಅಂತ ಶುರುವಾಗಿದ್ದು, ಈಗ 157 ಎಕರೆ. ಗಿಡಮರ ನೋಡಿಕೊಂಡವರು ಜರ್ಮನಿಯ ಕ್ರುಂಬಿಗೆಲ್, ಲಾಲ್‌ಬಾಗ್‌ನವರು. ಜರ್ಮನಿಯಿಂದಲೇ 2021ರಲ್ಲಿ ಎರಡು ಗೊರಿಲ್ಲಾ ಬಂದಿವೆ, ಥಾಬೋ ಮತ್ತು ಡೆಂಬಾ.

ನಮ್ಮಮ್ಮ ಪ್ರತಿ ವರ್ಷ ಮೊಮ್ಮಗನ ಹುಟ್ಟುಹಬ್ಬಕ್ಕೆ ಅಲ್ಲಿ ಒಂದು ಪಕ್ಷಿಯನ್ನು ದತ್ತು ತಗೋತಾರೆ. ಕೇಕಿಗೆ ಕೊಡೋ ದುಡ್ಡು ಅದರ ಊಟಕ್ಕೆ ಹೋಗಲಿ ಅಂತ. ಮಗನಿಗೆ ಕೇಕೂ ಬೇಕು ಅನ್ನೋದು ಬೇರೆ ವಿಷಯ.

ಹಸಿರು ಕಣ್ಣು:

ಮೇಷ್ಟ್ರು ನನ್ನ ಕೆಲಸ ಸುಲಭ ಮಾಡಿಕೊಟ್ಟರು. ಇನ್ನೆರಡು ಸೇರಿಸುತ್ತೇನೆ. ಅಮೆರಿಕದ ಕೊನೆಯ ಪ್ಯಾಸೆಂಜರ್ ಪಾರಿವಾಳ ಮಾರ್ಥಾ ಸತ್ತದ್ದು ಝೂನಲ್ಲಿ, 1914ರಲ್ಲಿ, ಸಿನ್ಸಿನಾಟಿಯಲ್ಲಿ. ಟಾಸ್ಮೇನಿಯದ ಥೈಲಸೀನ್ ಅನ್ನುವ, ನಾಯಿಯಂತೆ ಕಾಣುವ ಪಟ್ಟೆಯ ಪ್ರಾಣಿಯಲ್ಲಿ ಕೊನೆಯದು ಸತ್ತದ್ದೂ ಝೂನಲ್ಲೇ, 1936ರಲ್ಲಿ ಹೋಬಾರ್ಟ್‌ನಲ್ಲಿ. ಉಳಿಸುವುದು ಅಂದರೆ ಇದಾ?

ಬಿಳಿ ಹುಲಿ ಇನ್ನೊಂದು. 1951ರಲ್ಲಿ ಮಧ್ಯಪ್ರದೇಶದ ರೇವಾದಲ್ಲಿ ಮೋಹನ್ ಅನ್ನುವ ಮರಿ ಸಿಕ್ಕಿತು. ಬಿಳಿ ಬಣ್ಣ ಉಳಿಸಲು ಅದನ್ನು ಅದರ ಮಗಳ ಜೊತೆಯೇ ಕೂಡಿಸಿದರು. ಇವತ್ತು ಝೂಗಳಲ್ಲಿ ಜನ ಮುಗಿಬಿದ್ದು ನೋಡುವ ಬಿಳಿ ಹುಲಿಗಳಲ್ಲಿ ಹೆಚ್ಚಿನವು ಆ ವಂಶದ್ದೇ. ಮೆಳ್ಳೆಗಣ್ಣು, ರೋಗ, ಎಲ್ಲ ಅದರ ಜೊತೆಗೇ ಬಂದದ್ದು. ಅದು ಬೇರೆ ಜಾತಿಯೂ ಅಲ್ಲ, ಕಾಡಿಗೆ ಬಿಡುವ ಯೋಜನೆಯೂ ಇಲ್ಲ. ಬಣ್ಣಕ್ಕಾಗಿ ಸಾಕಿದ್ದು. ನಮ್ಮ ಪಿಲಿವೇಷದವರು, ಅಂದರೆ ಹುಲಿವೇಷ ಕುಣಿಯುವವರು, ಬಣ್ಣ ಹಚ್ಚಿದರೆ ಸಂಜೆ ತೊಳೆದುಕೊಳ್ಳುತ್ತಾರೆ, ಈ ಹುಲಿಗೆ ಅದೂ ಇಲ್ಲ.

ಕುಡ್ಲದ ಪಿಲಿ:

ಸಂಜೆ ತೊಳೆಯುವುದಾ? ಒಮ್ಮೆ ವೇಷ ಹಾಕಿ ನೋಡಿ ಮಾರಾಯ್ರೆ. ಮೂರು ದಿನ ಸೀಮೆಎಣ್ಣೆ ವಾಸನೆ ಹೋಗುವುದಿಲ್ಲ.

ನಿವೃತ್ತ ಮೇಷ್ಟ್ರು:

ಬಿಳಿ ಹುಲಿಯ ವಿಷಯದಲ್ಲಿ ನನ್ನ ತಕರಾರಿಲ್ಲ. ಮಾರ್ಥಾ ವಿಷಯದಲ್ಲಿ ಇದೆ. ಆ ಪಾರಿವಾಳಗಳನ್ನು ಕೋಟಿಗಟ್ಟಲೆ ಕೊಂದವರು ಬೇಟೆಗಾರರು. ಝೂ ಅವುಗಳನ್ನು ಉಳಿಸಿಕೊಳ್ಳಲು ಶುರುಮಾಡುವ ಹೊತ್ತಿಗೆ ತಡವಾಗಿತ್ತು, ಉಪಾಯವೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಏನಾಯಿತು ನೋಡಿ. ಅರೇಬಿಯನ್ ಓರಿಕ್ಸ್ ಅನ್ನುವ ಬಿಳಿ ಜಿಂಕೆ 1972ರಲ್ಲಿ ಕಾಡಿನಿಂದ ಪೂರ್ತಿ ಮಾಯವಾಗಿತ್ತು. ಝೂಗಳಲ್ಲಿ ಬೆಳೆಸಿದ ಹಿಂಡನ್ನು 1982ರಲ್ಲಿ ಒಮಾನ್ ಮರುಭೂಮಿಗೆ ಬಿಟ್ಟರು. ಕ್ಯಾಲಿಫೋರ್ನಿಯಾ ಕಾಂಡರ್ ಅನ್ನುವ ರಣಹದ್ದು 1980ರ ದಶಕದಲ್ಲಿ 22ಕ್ಕೆ ಇಳಿದಿತ್ತು. ಉಳಿದ ಒಂದೊಂದನ್ನೂ ಹಿಡಿದು ಝೂಗೆ ತಂದರು, ಆಗಲೂ ನಿಮ್ಮಂಥವರು ಬೇಡ ಅಂದಿದ್ದರು. ಈಗ ಅವು ಮತ್ತೆ ಹಾರುತ್ತಿವೆ. ನಮ್ಮಲ್ಲಿ ಡಾರ್ಜಿಲಿಂಗ್ ಝೂ 2003ರಲ್ಲಿ ಅಲ್ಲೇ ಹುಟ್ಟಿದ ಎರಡು ಕೆಂಪು ಪಾಂಡಾಗಳನ್ನು ಸಿಂಗಲೀಲಾ ಕಾಡಿಗೆ ಬಿಟ್ಟಿತು.

ಹಾಗಂತ ಎಲ್ಲ ಝೂಗಳೂ ಇದನ್ನೇ ಮಾಡುತ್ತವೆ ಅಂತ ನಾನು ಹೇಳುವುದಿಲ್ಲ. ಹೆಚ್ಚಿನವು ಮಾಡುವುದಿಲ್ಲ.

ದನದ ಡಾಕ್ಟ್ರು:

ಅದೇ ನಾನು ಹೇಳಬೇಕಿದ್ದದ್ದು. ಝೂ ಅಂತ ಒಂದೇ ಹೆಸರಿನಲ್ಲಿ ಕರೆದು ಬೇಕು ಬೇಡ ಅಂದರೆ ಉತ್ತರ ಸಿಗಲ್ಲ. ಕಾಯ್ದೆಯಡಿಯ ನಿಯಮಗಳಲ್ಲಿ ದೊಡ್ಡದು, ಮಧ್ಯಮ, ಸಣ್ಣದು, ಮಿನಿ ಅಂತ ಜಾಗ, ಜನ, ಪ್ರಾಣಿಗಳ ಲೆಕ್ಕದಲ್ಲಿ ವಿಂಗಡಣೆ ಇದೆ. ಆದರೆ ಬೇಲಿ ಹೇಗಿದೆ ಅನ್ನುವುದು ಮುಖ್ಯ. ಶಿವಮೊಗ್ಗದ ತ್ಯಾವರೆಕೊಪ್ಪಕ್ಕೆ ಆಗುಂಬೆ ಘಾಟಿ ಹತ್ತಿ ಹೋಗಬಹುದು. ಅಲ್ಲಿ ಸಫಾರಿಯಲ್ಲಿ ಪ್ರಾಣಿ ಹೊರಗೆ, ನಾವು ಬಸ್ಸಿನೊಳಗೆ, ಕಂಬಿಯ ಹಿಂದೆ. ಬನ್ನೇರುಘಟ್ಟದಲ್ಲೂ ಹಾಗೆ, ಜೊತೆಗೆ ಚಿಟ್ಟೆಗಳಿಗೇ ಒಂದು ಪಾರ್ಕ್. ಚೆನ್ನೈ ಹತ್ತಿರದ ಕ್ರೊಕೊಡೈಲ್ ಬ್ಯಾಂಕ್‌ನಲ್ಲಿ ಮೊಸಳೆಯದ್ದೇ ರಾಜ್ಯ. ಸಿಂಗಾಪುರದಲ್ಲಿ ರಾತ್ರಿ ಮಾತ್ರ ತೆರೆಯುವ ಝೂ ಇದೆ, ನಿಶಾಚರಿಗಳು ಎಚ್ಚರ ಇರುವುದು ಆಗಲೇ ಅಲ್ವಾ. ಇನ್ನು ಜನ ನೋಡದ ಝೂಗಳು. ಹರಿಯಾಣದ ಪಿಂಜೋರಿನ ರಣಹದ್ದು ಕೇಂದ್ರಕ್ಕೆ ಟಿಕೆಟ್ ಕೌಂಟರ್ ಇಲ್ಲ, ಸಾಕುವುದು, ಬಿಡುವುದು ಅಷ್ಟೇ ಕೆಲಸ. ಪುನರ್ವಸತಿ ಕೇಂದ್ರಗಳು ಇನ್ನೊಂದು ಬಗೆ. ಸರ್ಕಸ್‌ನಲ್ಲಿ ಹುಲಿ, ಸಿಂಹ ಆಡಿಸುವುದು ನಿಂತಾಗ ಅವೆಲ್ಲ ಎಲ್ಲಿಗೆ ಹೋಗಬೇಕಿತ್ತು? ಬೋನಿನಲ್ಲೇ ಹುಟ್ಟಿದವು, ಕಾಡಿಗೆ ಬಿಟ್ಟರೆ ವಾರ ಬದುಕುವುದಿಲ್ಲ. ಬನ್ನೇರುಘಟ್ಟದಲ್ಲಿ ಅಂಥವಕ್ಕೆ ಜಾಗ ಮಾಡಿದರು.

ಓದುವಾಗ ಒಂದು ಝೂನಲ್ಲಿ ಕೆಲವು ವಾರ ಕೆಲಸ ಕಲಿತಿದ್ದೆ. ಜನ ನೋಡುವುದು ಕಂದಕದ ಈಚೆಯಿಂದ. ನಾನು ನೋಡಿದ್ದು ಹಿಂಬಾಗಿಲಿನಿಂದ. ಹೊಸ ಪ್ರಾಣಿ ಬಂದರೆ ಮೊದಲು ಕ್ವಾರಂಟೈನ್. ಬೆಳಿಗ್ಗೆ ಆರಕ್ಕೆ ಕೀಪರ್ ಮಾಡುವ ಮೊದಲ ಕೆಲಸ ಸೆಗಣಿ ನೋಡುವುದು. ಗಟ್ಟಿಯಾ, ತೆಳುವಾ, ಎಷ್ಟು, ಬಣ್ಣ ಏನು. ಚೀಟಿಯಲ್ಲಿ ಬರೆದು ನಮಗೆ ಕೊಡಬೇಕು. ಹುಲಿಗೆ ವಾರದಲ್ಲಿ ಒಂದು ದಿನ ಉಪವಾಸ, ಕಾಡಿನಲ್ಲೂ ಅದು ದಿನಾ ಉಣ್ಣುವುದಿಲ್ಲ ತಾನೆ. ಒಬ್ಬ ಹಳೆಯ ಕೀಪರ್ ಇದ್ದರು. ಚಿರತೆ ರಾತ್ರಿ ಮನೆಯೊಳಗೆ ಬಂದ ಮೇಲೆ ಬೀಗ ಹಾಕಿ, ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ವಾಪಸ್ ಬಂದು ಇನ್ನೊಮ್ಮೆ ಎಳೆಯುತ್ತಿದ್ದರು. ದಿನಾ ಹಾಗೇ. "ಮನೆಯ ಬಾಗಿಲಿಗೆ ಇಷ್ಟು ನೋಡಲ್ಲ ಸಾರ್" ಅಂತಿದ್ದರು.

ಪರ್ಕಳದ ಅಕ್ಕ, ನಿಮ್ಮ ಚಿರತೆ ಗಾಯ ಇಲ್ಲದೆ ಹೋದದ್ದು ಒಳ್ಳೆಯದಾಯಿತು. ಸೊಂಟ ಮುರಿದಿದ್ದರೆ ಅಥವಾ ತಾಯಿ ಇಲ್ಲದ ಮರಿಯಾಗಿದ್ದರೆ ಅದಕ್ಕೆ ಝೂ ಬಿಟ್ಟು ಬೇರೆ ದಾರಿ ಇರುತ್ತಿರಲಿಲ್ಲ. ಮತ್ತೆ, ಬಾವಿಗೆ ಕಟ್ಟೆ ಎತ್ತರ ಮಾಡಿ, ಮೇಲೆ ಬಲೆ ಹಾಕಿಸಿ. ಮುಂದಿನ ಸಲ ಬೀಳುವುದು ಮಗುವೂ ಆಗಬಹುದು.

ಕುಡ್ಲದ ಪಿಲಿ:

ಪಿಲಿಕುಳದ ಬಗ್ಗೆ ಒಂದು ಹೆಮ್ಮೆಯ ಮಾತು. ಕಾಳಿಂಗ ಸರ್ಪವನ್ನು ಬಂಧನದಲ್ಲಿ ಮೊಟ್ಟೆ ಇಡಿಸಿ ಮರಿ ಮಾಡಿಸಿದ್ದು ಇಲ್ಲಿ. ಸುಲಭ ಅಲ್ಲ ಅದು. ಕಾಳಿಂಗ ತಿನ್ನುವುದೇ ಬೇರೆ ಹಾವನ್ನು, ಗಂಡು ಹೆಣ್ಣು ಒಟ್ಟಿಗೆ ಬಿಟ್ಟರೆ ಒಂದನ್ನೊಂದು ನುಂಗಿದರೂ ನುಂಗಿತು. ಮತ್ತೆ ಹಾವುಗಳಲ್ಲಿ ಗೂಡು ಕಟ್ಟುವುದು ಅದೊಂದೇ. ತರಗೆಲೆಯನ್ನು ಮೈಯಿಂದ ತಳ್ಳಿ ತಳ್ಳಿ ರಾಶಿ ಮಾಡಿ, ಒಳಗೆ ಮೊಟ್ಟೆ ಇಟ್ಟು, ಮೇಲೆ ಕಾವಲು ಕೂರುತ್ತದೆ. ನಮ್ಮ ಅಜ್ಜಿಗೆ ಹೇಳಿದರೆ "ಅದರಲ್ಲಿ ಎಂತ ಉಂಟು, ಹಿತ್ತಿಲಿನ ತರಗೆಲೆ ನಾನು ದಿನಾ ಗುಡಿಸ್ತೇನೆ" ಅಂದರು.

ಹೆಸರೂ ನೋಡಿ. ಪಿಲಿ ಅಂದರೆ ಹುಲಿ, ಕುಳ ಅಂದರೆ ಕೊಳ. ಹುಲಿ ನೀರು ಕುಡಿಯುತ್ತಿದ್ದ ಜಾಗ. ಈಗ ಅಲ್ಲಿ ಹುಲಿ ಇರುವುದು ಬೇಲಿಯೊಳಗೆ. ಇದನ್ನು ಹೇಳುವಾಗ ಮಾತ್ರ ನನಗೂ ಸ್ವಲ್ಪ ಹಸಿರು ಕಣ್ಣಿನ ಕಾಯಿಲೆ ಬರುತ್ತದೆ.

ಹಸಿರು ಕಣ್ಣು:

ಬರಲಿ, ಮದ್ದು ಮಾಡಬೇಡಿ. ಡಾಕ್ಟ್ರು ಹೇಳಿದ ಪಿಂಜೋರಿನಂಥದ್ದಕ್ಕೆ ನಾನೂ ದುಡ್ಡು ಕೊಡುತ್ತೇನೆ. ಹಿಂದೆ ಹೋಗಲು ದಾರಿಯೇ ಇಲ್ಲದ ಪ್ರಾಣಿಗೂ ಸರಿ. ಆದರೆ ಆರೋಗ್ಯವಾಗಿರುವ ಪ್ರಾಣಿಯನ್ನು ನಮ್ಮ ಭಾನುವಾರಕ್ಕಾಗಿ ಇಟ್ಟುಕೊಳ್ಳುವುದಕ್ಕೆ ಈಗಲೂ ನನ್ನ ಒಪ್ಪಿಗೆ ಇಲ್ಲ.

ನಿರ್ವಾಹಕ:

ಚರ್ಚೆ ಚೆನ್ನಾಗಿ ಹೋಗುತ್ತಿದೆ. ಪಿಲಿವೇಷದ ಬಣ್ಣ ತೆಗೆಯುವುದು ಹೇಗೆ ಅನ್ನುವ ಹದಿನೇಳು ಕಾಮೆಂಟುಗಳನ್ನು ಬೇರೆ ಎಳೆಗೆ ಸರಿಸಿದ್ದೇನೆ.

ಪರ್ಕಳದವಳು:

ಹೋಗಿ ಬಂದೆವು. ಗಂಡನೂ ಬಂದರು, ಡ್ರೈವರ್ ಅಂತ.

ಬೆಳಿಗ್ಗೆ ಬೇಗ ಹೋದದ್ದು ಒಳ್ಳೆಯದಾಯಿತು. ಮೊದಲು ಚಿರತೆ ನೋಡಿದೆವು. ಕಟ್ಟೆಯ ಮೇಲೆ ಮಲಗಿತ್ತು, ಬಾಲದ ತುದಿ ಮಾತ್ರ ಆಡುತ್ತಿತ್ತು. ಮಗ ತುಂಬಾ ಹೊತ್ತು ನೋಡಿ, "ಇದು ನಮ್ಮದಲ್ಲ, ನಮ್ಮದು ದೊಡ್ಡದಿತ್ತು" ಅಂದ. ಮುಂದೆ ಹುಲಿ ಒಂದೇ ದಾರಿಯಲ್ಲಿ ನಡೆಯುತ್ತಿತ್ತು. ಹಸಿರು ಕಣ್ಣಿನವರು ಹೇಳಿದ್ದು ನೆನಪಾಗಿ ನಾನು ಲೆಕ್ಕ ಹಾಕುತ್ತಾ ನಿಂತೆ. ಹನ್ನೊಂದನೇ ಸಲಕ್ಕೆ ಅದು ನೀರಿಗಿಳಿದು ಕುಳಿತಿತು. ನನಗೆ ಉಸಿರು ಬಂತು. ಗಂಡ ಏನೂ ಮಾತಾಡಲಿಲ್ಲ, ಆದರೆ ನೀರಿನಿಂದ ಏಳುತ್ತದಾ ಅಂತ ಅವರೂ ಕಾದರು.

ಕಾಳಿಂಗದ ಗಾಜಿನ ಮುಂದೆ ಮಗ ಕೀಪರನ್ನು ಹಿಡಿದುಕೊಂಡ. ಊಟಕ್ಕೆ ಎಂತ ಕೊಡ್ತೀರಿ, ಎಷ್ಟು ದಿನಕ್ಕೆ, ಪ್ಲೇಟಿನಲ್ಲಾ? ಕಾಡಿನಲ್ಲಿ ಅದು ಕೇರೆ ಹಾವು ತಿನ್ನುವುದು ಜಾಸ್ತಿ ಅಂತ ಅವರು ಹೇಳಿಕೊಟ್ಟರು.

ಈಗ ಹೊಸ ಸಮಸ್ಯೆ. ನಿನ್ನೆ ನಮ್ಮ ಕೊಟ್ಟಿಗೆ ಹತ್ತಿರ ಕೇರೆ ಬಂದಿತ್ತು. ಅತ್ತೆ ಕೋಲು ತೆಗೆದುಕೊಂಡರೆ ಇವನು ಅಡ್ಡ ನಿಂತ. "ಹೊಡೀಬೇಡಿ ಅಜ್ಜಿ, ಅದು ಕಾಳಿಂಗನ ಊಟ!" ಅತ್ತೆ ಕೋಲು ಕೆಳಗಿಟ್ಟು ನನ್ನ ಮುಖ ನೋಡಿದರು. "ಊಟ ಇಲ್ಲಿದ್ರೆ ಅದು ಉಣ್ಣಲಿಕ್ಕೆ ಇಲ್ಲಿಗೇ ಬರ್ತದಲ್ಲ ಮಾರಾಯ್ತಿ?"

ಇದಕ್ಕೆ ಉತ್ತರ ಮೇಷ್ಟ್ರೇ ಕೊಡಬೇಕು. ಬಾವಿಗೆ ಬಲೆ ಹಾಕಿಸಿದ್ದೇವೆ, ಡಾಕ್ಟ್ರೇ. ಕೆಂಪುಕಲ್ಲಿನ ಗೀರಿನ ಮೇಲೆ ಸಿಮೆಂಟ್ ಬಳಿಯುತ್ತೇನೆ ಅಂದ ಮೇಸ್ತ್ರಿಗೆ ಮಗ ಬಿಡಲಿಲ್ಲ.